ಬಿಂಡಿಗನವಿಲೆ ಬಸ್ಸಿನಲ್ಲಿ ಅಧ್ಯಕ್ಷರ ಸಹಿ

ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ, ಹಾಲು ಕಾಯಿಸಿಟ್ಟು, ಚಪಾತಿಯನ್ನು ಹಳೆಯ ಪೇಪರಿನಲ್ಲಿ ಸುತ್ತಿಕೊಂಡು ಗಂಜಾಂನಿಂದ ತಂಗಿಯ ಮನೆಗೆ ಹೊರಟೆ. ನಾಗಮಂಗಲದಲ್ಲಿ ಬಿಂಡಿಗನವಿಲೆಯ ಬಸ್ಸು ಹತ್ತಿ ಪೊಟ್ಟಣ ಬಿಚ್ಚಿದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಎಣ್ಣೆ ಹತ್ತಿದ ತಲೆಬರಹದ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದಳು: ‘ಸಹಿಗೆ ಅಧ್ಯಕ್ಷರ ನಕಾರ’.

"ಅಯ್ಯೋ, ನಮ್ಮೂರ್ ಇಸ್ಯ ಪೇಪರ್‌ಗೂ ಬಂದ್ಬುಡ್ತಾ ಅಕ್ಕಾ?"

ಆಕೆ ಹೊಸದಾಗಿ ಗೆದ್ದ ಪಂಚಾಯ್ತಿ ಸದಸ್ಯೆ. ಅವಳ ಬೀದಿಗೊಂದು ಬೋರ್‌ವೆಲ್ಲು ಕೊರೆಸಲು ಸಭೆಯಲ್ಲಿ ಎಲ್ಲರೂ ಒಪ್ಪಿದ್ದರೂ ಅಧ್ಯಕ್ಷರು ಮೂರು ತಿಂಗಳಿಂದ ಸಹಿ ಹಾಕಿಲ್ಲವಂತೆ. ಬೀದಿಯ ಹೆಂಗಸರು ಈಗಲೂ ದೂರದ ತೋಟದ ಬಾವಿಯಿಂದ ನೀರು ಹೊರುತ್ತಾರೆ.

ಇದು ಅಮೆರಿಕದ ಅಧ್ಯಕ್ಷರ ಸುದ್ದಿ ಎಂದೆ. ಕಾನ್ವೆಂಟಿನಲ್ಲಿ ಸಿಸ್ಟರ್ ಬಾಯಿಪಾಠ ಮಾಡಿಸಿದ್ದನ್ನೂ ಹೇಳಿದೆ. ಅಲ್ಲಿ ಸಭೆ ಒಪ್ಪಿ ಕಳಿಸಿದ ಮಸೂದೆಗೆ ಅಧ್ಯಕ್ಷರು ಸಹಿಯನ್ನೂ ಹಾಕದೆ, ವಾಪಸೂ ಕಳಿಸದೆ ಹತ್ತು ದಿನ ಸುಮ್ಮನಿದ್ದರೆ, ಸಭೆ ಇನ್ನೂ ನಡೆಯುತ್ತಿದ್ದ ಪಕ್ಷದಲ್ಲಿ, ಅದು ತಾನಾಗಿಯೇ ಕಾನೂನಾಗುತ್ತದೆ. ಭಾನುವಾರಗಳನ್ನು ಮಾತ್ರ ಎಣಿಸುವುದಿಲ್ಲ.

"ನಮ್ಮ ಅಧ್ಯಕ್ಸರ್ಗೆ ದಿನಾಲೂ ಬಾನ್ವಾರವೇ ಕಣಕ್ಕ!" ಎಂದು ನಕ್ಕಳು. ತನ್ನ ಊರು ಬಂದಾಗ ಆ ಪೇಪರನ್ನು ಕೇಳಿ ತೆಗೆದುಕೊಂಡು, ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿದಳು. "ಇವತ್ತೇ ಓಗಿ ಅವ್ರ್ ಮುಂದೆ ಇಡ್ತೀನಿ. ಇವತ್ತಿಂದ ಹತ್ತು ದಿನ ಎಣುಸ್ತೀನಿ."

ಸಂಜೆ ಮನೆಗೆ ಬಂದು ಪಕ್ಕದ ಮನೆಯ ಸಾಕಮ್ಮನವರಿಗೆ ಇದನ್ನು ಹೇಳಿದೆ. ಅವರು ಅವರೆಕಾಯಿ ಸುಲಿಯುತ್ತ, ತಲೆಯೆತ್ತದೆ, "ಅಂತಾ ಕಾನೂನು ಇಲ್ಲಿ ಬಂದ್ರೆ, ನಮ್ಮೋರು ಕಾಗ್ದಾನೇ ಇಸ್ಕಳಾಕಿಲ್ಲ ಬುಡಿ" ಎಂದರು.