ಅಣ್ಣನಿಗೆ ಬಡಿಸಿದ ವೈನ್

ಸತ್ತವರು ಬಂದು ಉಣ್ಣುತ್ತಾರೆ ಎಂಬ ಮಾತನ್ನು ನಾನು ನಂಬಿದವಳಲ್ಲ. ಶಿರ್ತಾಡಿಯಿಂದ ಬಸ್ಸಿನಲ್ಲಿ ನೇತಾಡಿಕೊಂಡು ಮೂಡುಬಿದಿರೆಗೆ ಹೋಗಿ ಬಿ.ಎಸ್ಸಿ. ಮುಗಿಸಿದವಳು. ನಮ್ಮ ಕುಟುಂಬದ ಮೊದಲ ಡಿಗ್ರಿ ಅದು. ಆ ಹೆಮ್ಮೆ ಈಗಲೂ ಉಂಟು. ಹಾಗಾಗಿ ಇದನ್ನು ಬರೆಯಲು ಸಂಕೋಚ. ಆದರೂ ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ.

ಕಳ್ಳು ಇಳಿಸುತ್ತಿದ್ದ ಅಪ್ಪ ನಾವು ಸಣ್ಣವರಿರುವಾಗಲೇ ಹೋದರು. ನನ್ನನ್ನು ಓದಿಸಿದವನು ಅಣ್ಣ. ಪ್ರವಾಸಿಗರ ಹಡಗಿನಲ್ಲಿ ವೈನ್ ಬಡಿಸುವ ಕೆಲಸ ಅವನದು. ಹಡಗು ಫ್ರಾನ್ಸಿನ ಬೋರ್ಡೋದಲ್ಲಿ ನಿಂತಾಗ ಒಮ್ಮೆ ದ್ರಾಕ್ಷಿ ತೋಟ ನೋಡಿ ಬಂದಿದ್ದ. ರಜೆಯಲ್ಲಿ ಮನೆಗೆ ಬಂದರೆ ಅದೇ ಮಾತು. ನೆಲವೆಲ್ಲ ಬೆಣಚುಕಲ್ಲು, ಬಳ್ಳಿ ಸೊಂಟದೆತ್ತರ ಮಾತ್ರ. ಸಿಪ್ಪೆಯನ್ನು ರಸದಲ್ಲೇ ಬಿಟ್ಟರೆ ಆ ಕೆಂಪು ಬರುತ್ತದಂತೆ. ಆಮೇಲೆ ಓಕ್ ಮರದ ಪೀಪಾಯಿಯಲ್ಲಿ ಮಲಗಿಸುತ್ತಾರಂತೆ.

"ಅಪ್ಪ ಬೆಳಿಗ್ಗೆ ಇಳಿಸಿದ ಕಳ್ಳು ಸಂಜೆಗೆ ಹುಳಿ. ಇದು ಮಲಗಿ ಮಲಗಿಯೇ ದೊಡ್ಡ ಜನ ಆಗ್ತದೆ ಮಾರಾಯ್ತಿ, ನಮ್ಮ ಮಾವನ ಹಾಗೆ!" ಎಂದು ನಗುತ್ತಿದ್ದ.

ಕೊನೆಯ ಸಲ ಬಂದಾಗ ಅಂಥದೊಂದು ಬಾಟಲಿಯನ್ನೂ ಉದ್ದ ಕಾಲಿನ ಒಂದು ಗ್ಲಾಸನ್ನೂ ಲುಂಗಿಯಲ್ಲಿ ಸುತ್ತಿ ತಂದಿದ್ದ. ಗ್ಲಾಸಿಗೆ ನೀರು ಹಾಕಿ ಗರಗರನೆ ತಿರುಗಿಸಿ ತೋರಿಸಿದ. "ಹೊಯ್ದ ಕೂಡಲೇ ಕುಡಿಯಬಾರದು. ಹೀಗೆ ತಿರುಗಿಸಿ ಕಾಯಬೇಕು. ನಿನ್ನ ಡಿಗ್ರಿ ಆದ ದಿನ ಇಬ್ಬರೂ ಕುಡಿಯುವ."

"ನಾನಾ? ಅಮ್ಮ ಕಸ ಗುಡಿಸುವ ಹಿಡಿಸೂಡಿಯಲ್ಲೇ ಬಾರಿಸ್ತಾರೆ!"

"ಅಮ್ಮನಿಗೂ ಒಂದು ಗುಟುಕು ಕೊಡುವ, ಬಿಡು."

ನನ್ನ ಫಲಿತಾಂಶಕ್ಕೆ ಮೊದಲೇ ಅಣ್ಣ ಹಡಗಿನಲ್ಲಿ ತೀರಿಕೊಂಡ. ಎದೆನೋವು ಎಂದರು. ದೇಹವೇನೋ ಊರಿಗೆ ಬಂತು. ಆದರೆ ನಡುನೀರಿನಲ್ಲಿ ಹೋದ ಜೀವಕ್ಕೆ ಮನೆಯ ದಾರಿ ಸಿಕ್ಕಿತೋ ಇಲ್ಲವೋ ಎಂಬ ಕೊರಗು ಅಮ್ಮನನ್ನು ಬಿಡಲಿಲ್ಲ. ಡಿಗ್ರಿ ಕೈಗೆ ಬಂದಾಗ ಬಾಟಲಿ ತೆರೆಯಲು ನನಗೂ ಮನಸ್ಸಾಗಲಿಲ್ಲ.

ಜೋರು ಮಳೆಯ ಆಟಿ ತಿಂಗಳಲ್ಲಿ ನಮ್ಮಲ್ಲಿ ಸತ್ತವರಿಗೆ ಬಡಿಸುವ ಕ್ರಮ ಉಂಟು. ಅವರಿಗೆ ಇಷ್ಟವಾದದ್ದನ್ನು ಬಾಳೆಲೆಯಲ್ಲಿಟ್ಟು, ಬಾಗಿಲು ಹಾಕಿ, ಮನೆಯವರು ಹೊರಗೆ ಕಾಯಬೇಕು. ಅವರು ಉಂಡ ಮೇಲೆಯೇ ನಾವು. ಆ ವರ್ಷ ಅಮ್ಮ ಅಪ್ಪನ ಎಲೆಗೆ ಕಳ್ಳು ಇಟ್ಟು, "ಅವನ ಬಾಟ್ಲಿ ತೆಗಿ ಮಗಾ. ಅದರ ಆಸೆಗಾದರೂ ಬರ್ತಾನಾ ನೋಡುವ" ಎಂದರು.

ಬೆಂಡಿನ ಬಿರಡೆಗೆ ಸ್ಕ್ರೂ ತಿರುಪಿ, ಇಕ್ಕಳದಲ್ಲಿ ಎಳೆದು ತೆಗೆದೆ. ಗ್ಲಾಸಿಗೆ ಅರ್ಧದಷ್ಟು ಮೆಲ್ಲನೆ ಹೊಯ್ದೆ. ಕಿಟಕಿ ಮುಚ್ಚಿತ್ತು. ಬಾಗಿಲೆಳೆದು ಇಬ್ಬರೂ ಜಗಲಿಯಲ್ಲಿ ಕೂತೆವು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಮುಸ್ಸಂಜೆಗೆ ಬಾಗಿಲು ತೆರೆದೆವು. ಗ್ಲಾಸಿನಲ್ಲಿ ಹೊಯ್ದಷ್ಟೂ ಹಾಗೇ ಇತ್ತು. "ಬರಲಿಲ್ಲ" ಎಂದು ಅಮ್ಮ ಗೋಡೆಗೆ ಒರಗಿದರು.

ನಾನು ದೀಪ ಹತ್ತಿರ ಹಿಡಿದೆ. ಗ್ಲಾಸಿನ ಒಳಮೈ ಸುತ್ತಲೂ ಬಾಯಿಯವರೆಗೆ ಒದ್ದೆ. ಯಾರೋ ಈಗತಾನೇ ತಿರುಗಿಸಿ ಇಟ್ಟ ಹಾಗೆ ಕೆಂಪು ಗೆರೆಗಳು ಇನ್ನೂ ಕೆಳಗಿಳಿಯುತ್ತಿದ್ದವು.

"ಬಂದಿದ್ದಾನೆ ಅಮ್ಮ" ಎಂದು ತೋರಿಸಿದೆ. ಅವರು ಗ್ಲಾಸಿನ ಹತ್ತಿರ ಬಗ್ಗಿ ನೋಡಿದರು. "ಬಂದವ ಕುಡಿಯದೆ ಯಾಕೆ ಹೋದ?"

ಕ್ರಮದಂತೆ ಆಮೇಲೆ ಅದನ್ನು ನಾವೇ ಗುಟುಕರಿಸಿದೆವು. ಮೊದಲು ಬಾಯೆಲ್ಲ ಚೊಗರು, ಆಮೇಲೆ ನೇರಳೆ ಹಣ್ಣಿನ ಹುಳಿಸಿಹಿ, ಕೊನೆಗೆ ಕಟ್ಟಿಗೆಯ ಹೊಗೆಯಂಥದ್ದೇನೋ. ಅಮ್ಮ ಮುಖ ಕಿವುಚಿ, "ಇದಕ್ಕಾ ಅವ ಅಷ್ಟು ಹೊಗಳಿದ್ದು?" ಎಂದು ಅತ್ತರು.

ವೈನ್ ತಾನಾಗಿಯೇ ಗಾಜಿನ ಮೇಲೆ ಸ್ವಲ್ಪ ಏರುತ್ತದೆ ಎಂದು ಬಲ್ಲೆ. ಮರುದಿನ ಅದೇ ಗ್ಲಾಸಿಗೆ ಹೊಯ್ದು ಕಾದು ನೋಡಿದೆ. ಬಾಯಿಯವರೆಗೆ ಅದು ಏರಲಿಲ್ಲ. ನಾನು ಕಲಿತದ್ದರಲ್ಲಿ ಇದಕ್ಕೆ ಉತ್ತರ ಸಿಕ್ಕಿಲ್ಲ. ಆದರೆ ಅವ ಕುಡಿಯದೆ ಯಾಕೆ ಹೋದ ಎಂಬ ಅಮ್ಮನ ಪ್ರಶ್ನೆಗೆ ಒಂದು ಉತ್ತರ ಹೊಳೆಯುತ್ತದೆ. ಇಬ್ಬರೂ ಕುಡಿಯುವ ಎಂದಿದ್ದ ಅಣ್ಣ. ಆ ಸಂಜೆ ಒಳಗೆ ನಾನು ಇಟ್ಟದ್ದು ಒಂದೇ ಗ್ಲಾಸು.