ತೂಕ ನೋಡಿ ಹತ್ತಿಸುವ ವಿಮಾನ

ಅಲಾಸ್ಕಾದ ಉತ್ತರಕ್ಕಿರುವ ಆ ಊರಿಗೆ ರಸ್ತೆ ಇಲ್ಲ. ಹಾಲಿನ ಪುಡಿ, ಡಯಪರ್, ಶವಪೆಟ್ಟಿಗೆ, ಶಾಲೆಯ ಟೀಚರ್, ಎಲ್ಲವೂ ಜಲ್ಲಿ ಹಾಸಿದ ಒಂದು ರನ್‌ವೇ ಮೇಲೆ ಇಳಿಯಬೇಕು. ರನ್‌ವೇ ಪಕ್ಕದಲ್ಲಿ ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲ ಕಟ್ಟಿದ ಕಂಬ, ತಗಡಿನ ಒಂದು ಕೋಣೆ, ಅದರೊಳಗೆ ಎಣ್ಣೆಯ ಹೀಟರ್, ಬೆಂಚು, ತೂಕದ ಯಂತ್ರ. ಸರ್ಕಾರದ ಲೆಕ್ಕದಲ್ಲಿ ಅದೂ ವಿಮಾನ ನಿಲ್ದಾಣವೇ. ವರ್ಜೀನಿಯಾದ ರೆಸ್ಟನ್‌ನ ನಮ್ಮ ಆಫೀಸಿನಲ್ಲಿ ಇಂಥ ನಿಲ್ದಾಣಗಳ ದುರಸ್ತಿಗೆ ನಕ್ಷೆ ಮಾಡುವುದು ನನ್ನ ಕೆಲಸ. ಕೋವಿಡ್ ಕಾಲ ಕಳೆದು ಓಡಾಟ ಮತ್ತೆ ಶುರುವಾದ ಮೇಲೆ, ಒಂದು ಸೆಪ್ಟೆಂಬರ್‌ನಲ್ಲಿ, ಯಾರಾದರೂ ಹೋಗಿ ಜಲ್ಲಿ, ದೀಪ, ಚರಂಡಿ ನೋಡಿಬರಬೇಕು ಎಂದರು. ಬೇರೆಯವರು ಬಾಯಿ ತೆರೆಯುವ ಮೊದಲೇ ನಾನು ಹೋಗುತ್ತೇನೆ ಎಂದೆ.

ಆ ಜುಲೈನಲ್ಲಿ ನನಗೆ ಗರ್ಭಪಾತವಾಗಿತ್ತು. ಗಂಡನನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಇದೆ ಎಂದು ಯಾರಿಗೂ ಹೇಳಿರಲಿಲ್ಲವಾದ್ದರಿಂದ ಹೋಯಿತು ಎಂದು ಹೇಳುವ ಪ್ರಮೇಯ ಬರಲಿಲ್ಲ. ಮರುವಾರದಿಂದಲೇ ಆಫೀಸಿಗೆ ಹೋದೆ. ಅತ್ತದ್ದು ನೆನಪಿಲ್ಲ. ಊಟ ಮಾಡಿದ್ದು, ಬಟ್ಟೆ ಮಡಿಸಿದ್ದು ನೆನಪಿದೆ.

ನಮಗೆ ಹತ್ತಿರದ ಗೈದರ್ಸ್‌ಬರ್ಗ್‌ನಲ್ಲಿದ್ದ ನನ್ನ ತಂಗಿ ಆಗ ತುಂಬು ಬಸುರಿ. ನಾನು ವಾಪಸಾಗುವ ವಾರದ ಕೊನೆಗೆ ಅವಳ ಸೀಮಂತ. ಮೈಸೂರಿನಿಂದ ಬಂದಿದ್ದ ಅವಳ ಅತ್ತೆ, ನಾನು ಹೊರಡುವ ಮುನ್ನ ಫೋನ್ ಮಾಡಿದರು.

"ನಿನ್ನನ್ನೂ ಅವಳ ಪಕ್ಕದಲ್ಲಿ ಕೂರಿಸಿ ಬಳೆ ತೊಡಿಸ್ತೀವಮ್ಮ. ಮಗು ಬೇಕು ಅನ್ನೋರಿಗೆ ನಮ್ಮನೇಲಿ ಹಾಗೇ ಮಾಡೋದು. ಮುಂದಿನ ವರ್ಷ ನಿಮ್ಮನೇಲಿ ಊಟ, ಆಯ್ತಾ?"

"ಆಯ್ತು ಆಂಟಿ," ಎಂದೆ.

ಹಸಿರು ಬಳೆಗಳನ್ನು ಫೇರ್‌ಫ್ಯಾಕ್ಸ್‌ನ ಇಂಡಿಯನ್ ಅಂಗಡಿಯಿಂದ ನಾನೇ ತಂದುಕೊಟ್ಟಿದ್ದೆ, ತಂಗಿಯ ಅಳತೆಯವು ಮತ್ತು ನನ್ನ ಅಳತೆಯವು.

ಉತ್ತರದಲ್ಲಿ ನನ್ನ ಕೆಲಸ ಸಮಯಕ್ಕೆ ಸರಿಯಾಗಿ ಮುಗಿಯಿತು. ಹೊರಡುವ ಬೆಳಿಗ್ಗೆ ಮಂಜು ಕವಿದಿತ್ತು. ಟಿಕೆಟ್ ನೋಡುವವನು, ಸಾಮಾನು ಇಳಿಸುವವನು, ಹೀಟರ್ ಹಚ್ಚುವವನು ಎಲ್ಲ ಒಬ್ಬನೇ, ಅಲ್ಲಿಯದೇ ಒಬ್ಬ ನಡುವಯಸ್ಸಿನ ಏಜೆಂಟ್. ಚಿಕ್ಕ ವಿಮಾನವಾದ್ದರಿಂದ ಅವನು ಪ್ರತಿಯೊಬ್ಬರನ್ನೂ ಕೈಚೀಲದ ಸಮೇತ ಯಂತ್ರದ ಮೇಲೆ ನಿಲ್ಲಿಸಿ ತೂಕವನ್ನು ಎಲ್ಲರಿಗೂ ಕೇಳುವಂತೆ ಓದುತ್ತಿದ್ದ.

"ಬಾ ವರ್ಜೀನಿಯಾ, ನಿನ್ನದಾಗಲಿ," ಎಂದ. ನನ್ನ ಹೆಸರು ಅವನ ನಾಲಿಗೆಗೆ ಒಗ್ಗಿರಲಿಲ್ಲ. ಓದಿ, "ಇಷ್ಟೇನಾ? ನಮ್ಮ ಊಟ ಹಿಡಿಸಲಿಲ್ಲ ಅನ್ನು," ಎಂದ.

"ಮೀನು ತಿನ್ನೋದಿಲ್ಲವಂತೆ. ನಮ್ಮೂರಲ್ಲಿ ಇನ್ನೇನಿದೆ ಕೊಡೋಕೆ, ಜಲ್ಲಿನಾ?" ಎಂದ ಬೆಂಚಿನ ಮೇಲಿದ್ದವನೊಬ್ಬ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅವರೆಲ್ಲ ಕಿಟಕಿಯಾಚೆ ನೋಡುತ್ತ ಮಂಜು ಸರಿಯಲಿ ಎಂದು ಕಾಯುತ್ತಿದ್ದರು. ನಾನು, ಅದು ಸರಿಯದಿರಲಿ ಎಂದು ಕಾಯುತ್ತಿದ್ದೆ. ವಿಮಾನ ಬಾರದಿದ್ದರೆ ಸೀಮಂತ ತಪ್ಪುತ್ತದೆ, ಯಾರೂ ನನ್ನನ್ನು ಏನೂ ಕೇಳುವಂತಿಲ್ಲ.

ಆಗ ಒಬ್ಬ ಅಜ್ಜಿ ಒಂದು ರಟ್ಟಿನ ಪೆಟ್ಟಿಗೆ ಹೊತ್ತುಕೊಂಡು ಬಂದರು. ಆ ಊರಿನಲ್ಲಿ ಹೆರಿಗೆ ಮಾಡಿಸುವವರಿಲ್ಲ. ಬಸುರಿಯರು ದಿನ ಹತ್ತಿರವಾಗುವ ಮೊದಲೇ ಆಸ್ಪತ್ರೆ ಇರುವ ದೊಡ್ಡ ಊರಿಗೆ ವಿಮಾನದಲ್ಲಿ ಹೋಗಿ ಅಲ್ಲೇ ಇರಬೇಕು. ಅಜ್ಜಿಯ ಮಗಳು ಹಾಗೆ ಹೋಗಿದ್ದಳು. ಎಣಿಸಿದ್ದಕ್ಕಿಂತ ಮೊದಲೇ ನೋವು ಶುರುವಾಗಿದೆ, ಜೊತೆಗೆ ಯಾರೂ ಇಲ್ಲ ಎಂದು ಆಗಷ್ಟೇ ಫೋನ್ ಬಂದಿತ್ತಂತೆ.

"ಈ ಊರಿನಲ್ಲಿ ಈಗ ಯಾರೂ ಹುಟ್ಟೋದಿಲ್ಲ," ಏಜೆಂಟ್ ನನ್ನ ಕಡೆ ತಿರುಗಿ ವಿವರಿಸಿದ. "ಹುಟ್ಟೋದಕ್ಕೂ ಟಿಕೆಟ್ ಬೇಕು." ಆದರೆ ವಿಮಾನದಲ್ಲಿ ಅಜ್ಜಿಗೆ ಜಾಗವಿಲ್ಲ ಎಂದ. ಮಂಜಿನಿಂದಾಗಿ ಪೈಲಟ್ ಹೆಚ್ಚು ಇಂಧನ ಇಟ್ಟುಕೊಂಡಿದ್ದ, ಒಬ್ಬರ ತೂಕವನ್ನೂ ಸೇರಿಸುವಂತಿರಲಿಲ್ಲ.

ಅಜ್ಜಿ ವಾದ ಮಾಡಲಿಲ್ಲ. ಪೆಟ್ಟಿಗೆಯನ್ನು ಕಾಲ ಬಳಿ ಇಟ್ಟುಕೊಂಡು ನನ್ನ ಪಕ್ಕದಲ್ಲಿ ಕೂತರು. ಸ್ವಲ್ಪ ಹೊತ್ತಿಗೆ ವಿಮಾನದ ಸದ್ದು ಕೇಳಿಸಿತು.

"ನನ್ನ ಸೀಟು ಅವರಿಗೆ ಕೊಡಿ," ಎಂದೆ.

"ನಿನ್ನ ತಂಗಿ ಮನೆಯಲ್ಲಿ ಏನೋ ಇದೆ ಅಂದಿದ್ದೆಯಲ್ಲ?" ಎಂದ ಏಜೆಂಟ್.

"ಪರವಾಗಿಲ್ಲ."

ಅಜ್ಜಿಯನ್ನು ತೂಗಿದ. ಅವರು ನನಗಿಂತ ಭಾರ, ಪೆಟ್ಟಿಗೆ ಇಲ್ಲೇ ಉಳಿಯಬೇಕು ಎಂದ. ಅದರಲ್ಲಿದ್ದದ್ದು ಮಗುವಿನ ಬಟ್ಟೆ, ಹೊದಿಕೆ. ಹೊರಡುವಾಗ ಅಜ್ಜಿ ನನ್ನ ಎರಡೂ ಕೈ ಹಿಡಿದುಕೊಂಡು, "ನಿನ್ನ ತಂಗಿಗೆ ಹೇಳು, ನಾನು ಕ್ಷಮೆ ಕೇಳಿದೆ ಅಂತ," ಎಂದರು. ಅವರ ಕೈ ಬಿಸಿಯಾಗಿತ್ತು. ತಲೆಯಾಡಿಸಿದೆ. ಬೆಂಚಿನವನು ನನ್ನ ಭುಜ ತಟ್ಟಿದ. ವಿಮಾನ ಮಂಜಿನೊಳಗೆ ಹೋಯಿತು.

ಆ ಊರಿಗೆ ಬಂದವರು ಉಳಿಯುವುದು ಶಾಲೆಯಲ್ಲಿ. ಸಂಜೆ ಅಲ್ಲಿಂದಲೇ ತಂಗಿಗೆ ಫೋನ್ ಮಾಡಿದೆ.

"ಎಲ್ಲಿದ್ದೀಯೇ? ಭಾವ ಏರ್‌ಪೋರ್ಟ್‌ಗೆ ಹೊರಡೋದಾ ಬೇಡ್ವಾ ಅಂತ ಕೇಳ್ತಿದಾರೆ. ಫ್ಲೈಟ್ ಕ್ಯಾನ್ಸಲ್ ಆಯ್ತಾ?"

"ಇಲ್ಲ, ಬಂತು. ನನ್ನ ಸೀಟ್ ಇಲ್ಲಿನ ಒಬ್ಬ ಅಜ್ಜಿಗೆ ಕೊಟ್ಟೆ. ಅವರ ಮಗಳಿಗೆ ಡೆಲಿವರಿ."

"ಅಯ್ಯೋ ಮಹಾತಾಯಿ! ಇಡೀ ಅಲಾಸ್ಕಾಕ್ಕೆ ನೀನೊಬ್ಬಳೇನಾ ಸಿಕ್ಕಿದ್ದು? ನಮ್ಮತ್ತೆ ಇನ್ವೈಟ್ ಮಾಡಿರೋರಿಗೆಲ್ಲ ಅಕ್ಕ ಬರ್ತಾಳೆ, ಅಕ್ಕ ಬರ್ತಾಳೆ ಅಂತ ಹೇಳ್ಕೊಂಡ್ ಕೂತಿದಾರೆ." ಆಮೇಲೆ ಅವಳ ದನಿ ತಗ್ಗಿತು. "ಅಕ್ಕಾ, ನಿನಗೆ ಬರೋಕೆ ಇಷ್ಟ ಇರ್ಲಿಲ್ವಾ?"

ಶಾಲೆಯ ಕಾರಿಡಾರಿನಲ್ಲಿ ಯಾರೋ ಚೆಂಡು ಬಡಿಯುತ್ತಿದ್ದರು.

"ಜುಲೈನಲ್ಲಿ ಒಂದು ಹೋಯ್ತು," ಎಂದೆ. "ಪಕ್ಕದಲ್ಲಿ ಕೂರೋಕೆ ಆಗಲ್ಲ ನನಗೆ."

"ಊಟ ಮಾಡಿದ್ಯಾ?" ಎಂದಳು ಅವಳು. ಮಾಡಿದೆ ಎಂದೆ. "ನಿನ್ನ ಬಳೆ ನಾನು ಎತ್ತಿಟ್ಟಿರ್ತೀನಿ. ಯಾರಿಗೂ ಕೊಡಲ್ಲ, ಯಾರಿಗೂ ಏನೂ ಹೇಳಲ್ಲ. ಅತ್ತೆಗೆ ಫ್ಲೈಟ್ ಸಿಕ್ಲಿಲ್ಲ ಅಂತೀನಿ."

ಮುಂದಿನ ವಿಮಾನ ಬರುವ ಹೊತ್ತಿಗೆ ಸೀಮಂತ ಮುಗಿದಿತ್ತು. ಆಕಾಶ ಸ್ವಚ್ಛವಾಗಿತ್ತು. ನನ್ನನ್ನು ತೂಗಿದ ಮೇಲೆ ಏಜೆಂಟ್ ಅಜ್ಜಿಯ ಪೆಟ್ಟಿಗೆಯನ್ನು ತಂದು, "ಅಜ್ಜಿ ಅಲ್ಲಿ ಏರ್‌ಪೋರ್ಟ್‌ಗೆ ಬರ್ತಾರೆ. ಹಿಂದೆಲ್ಲ ಸಾಮಾನು ತುಂಬಿದೆ, ಹಿಡ್ಕೋತೀಯಾ?" ಎಂದ. ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಮುಚ್ಚಳಕ್ಕೆ ಅಂಟಿಸಿದ್ದ ಟೇಪು ಒಂದು ಕಡೆ ಬಿಟ್ಟಿತ್ತು. ಒಳಗೆ ಹಳದಿ ಉಣ್ಣೆಯ ಏನೋ ಕಾಣುತ್ತಿತ್ತು. ನಾನು ಟೇಪನ್ನು ಒತ್ತಿದೆ. ಅದು ಮತ್ತೆ ಎದ್ದಿತು. ದಾರಿಯುದ್ದಕ್ಕೂ ಬೆರಳಿನಿಂದ ಒತ್ತಿ ಹಿಡಿದುಕೊಂಡಿದ್ದೆ.

ದೊಡ್ಡ ಊರಿನ ನಿಲ್ದಾಣದಲ್ಲಿ ಅಜ್ಜಿ ಬಾಗಿಲ ಬಳಿಯೇ ನಿಂತಿದ್ದರು. "ಹೆಣ್ಣು ಮಗು. ನಾನು ಹೋದ ಸ್ವಲ್ಪ ಹೊತ್ತಿಗೇ ಹುಟ್ಟಿತು," ಎಂದರು. "ಆಸ್ಪತ್ರೆ ಇಲ್ಲೇ ಹತ್ತಿರ. ಬಾ, ನೋಡುವೆಯಂತೆ."

ನನ್ನ ಮುಂದಿನ ವಿಮಾನಕ್ಕೆ ಬೇಕಾದಷ್ಟು ಹೊತ್ತಿತ್ತು.

"ಇಲ್ಲ, ಬೇಡ," ಎಂದೆ.

ಅವರು ಒತ್ತಾಯ ಮಾಡಲಿಲ್ಲ. ನನ್ನ ಮುಖವನ್ನು ಒಂದು ಸಲ ನೋಡಿ, ಪೆಟ್ಟಿಗೆ ಎತ್ತಿಕೊಂಡು, ಹಿಂತಿರುಗದೆ ಹೋದರು. ಅಷ್ಟು ಹೊತ್ತು ಪೆಟ್ಟಿಗೆ ಹೊತ್ತಿದ್ದಕ್ಕೆ ನನ್ನ ಕಾಲುಗಳಿಗೆ ಜೋಮು ಹಿಡಿದಿತ್ತು. ಅಲ್ಲೇ ಒಂದು ಕುರ್ಚಿಯಲ್ಲಿ ಕೂತು ಅದು ಬಿಡಲಿ ಎಂದು ಕಾದೆ.