ಹೋಗದೇ ಇದ್ದ ಕರೆಂಟು

ನನ್ನ ಅಕ್ಕನ ರಿಸೆಪ್ಷನ್ನಿನಲ್ಲಿ ಕರೆಂಟು ಹೋಯಿತು, ಅದಕ್ಕೇ ಅತ್ತೆ ಹಾಡಿದಳು ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ನಿಮ್ಮ ಕಿವಿಗೂ ಬಿದ್ದರೆ ದಯವಿಟ್ಟು ನಂಬಬೇಡಿ. ಕರೆಂಟು ಹೋಗಿರಲಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದ ಕಪ್ಪುಗಳು ಶೋಕೇಸಿನಲ್ಲಿ ಧೂಳು ಹಿಡಿದು ಕೂತಿವೆ. ಅವುಗಳ ಮರ್ಯಾದೆಗಾದರೂ ಈ ವಿಷಯ ಇತ್ಯರ್ಥವಾಗಬೇಕು.

ಇವತ್ತು ಬೆಳಿಗ್ಗೆ ಮಿಕ್ಸಿಯ ಪಿನ್ನು ಸುಟ್ಟು ಮನೆಯೆಲ್ಲ ವಾಸನೆ. ಅಪ್ಪ ಸ್ಕ್ರೂಡ್ರೈವರ್ ಹಿಡಿದು ಪಡಸಾಲೆಯಲ್ಲಿ ಕೂತ. ಆ ಪಿನ್ನೇ ನನ್ನನ್ನು ಮೂರು ವರ್ಷ ಹಿಂದಕ್ಕೆ, ಇದೇ ಪಡಸಾಲೆಗೆ ಎಳೆದೊಯ್ದಿತು.

ಅವತ್ತು ಇಲ್ಲಿ ಕೂತು ಅಕ್ಕನ ರಿಸೆಪ್ಷನ್ನಿಗೆ ಯಾವ ಸಂಗೀತ ಎಂದು ತಲೆ ಕೆಡಿಸಿಕೊಂಡಿದ್ದೆವು. ಛತ್ರ, ಊಟ ಎಂದು ಖರ್ಚಾಗಿ ಸಂಗೀತಕ್ಕೆ ಉಳಿದದ್ದು ಅಷ್ಟಕ್ಕಷ್ಟೇ. ದಾವಣಗೆರೆಯ ಆರ್ಕೆಸ್ಟ್ರಾದವರ ರೇಟು ಕೇಳಿ, ತೆಲಿಗಿಯಿಂದ ಬಂದಿದ್ದ ದೊಡ್ಡಪ್ಪ ಚಹಾದ ಲೋಟವನ್ನೇ ಕೆಳಗಿಟ್ಟ. ನನ್ನ ಮೊಬೈಲಿನಿಂದಲೇ ಪುಕ್ಕಟೆ ಹಾಡು ಹಾಕೋಣವೆಂದು ನಾನು ಹಾಕಿಯೂ ತೋರಿಸಿದೆ. ಒಳ್ಳೆಯ ಪ್ರೇಮಗೀತೆ ಪಲ್ಲವಿ ಮುಗಿಸುವುದರೊಳಗೆ ಸಿಮೆಂಟಿನ ಜಾಹೀರಾತು ಬಂತು. "ಮದುವಿ ಮಾಡಾಕತ್ತೀವೋ, ಮನಿ ಕಟ್ಟಾಕತ್ತೀವೋ?" ಎಂದ ದೊಡ್ಡಪ್ಪ.

ಆಗ ಅಕ್ಕ ಬಾಯಿಬಿಟ್ಟಳು. "ದುಡ್ಡು ಯಾಕ ಹಾಳು ಮಾಡ್ತೀರಿ? ಅತ್ತಿ ಪದ ಹೇಳ್ಲಿ."

ಅತ್ತೆ ಎಂದರೆ ಅಪ್ಪನ ತಂಗಿ. ಒಂದು ಕಾಲಕ್ಕೆ ಹರಪನಹಳ್ಳಿಯ ನಮ್ಮ ಓಣಿಯಲ್ಲಿ ಅವಳ ಸೋಬಾನೆ ಪದವಿಲ್ಲದೆ ಮದುವೆಯೇ ಆಗುತ್ತಿರಲಿಲ್ಲವಂತೆ. ಗಂಡ ತೀರಿಕೊಂಡು ನಮ್ಮ ಮನೆಗೆ ಬಂದಳು, ಅಕ್ಕನನ್ನು ಮಡಿಲಲ್ಲಿ ಹಾಕಿಕೊಂಡು ಬೆಳೆಸಿದಳು. ಅಡುಗೆಮನೆಯಲ್ಲಿ ಮಾತ್ರ ಹಾಡುತ್ತಾಳೆ, ಅದೂ ಹೊರಗಿನವರು ಇಲ್ಲದಾಗ. ತನ್ನ ಮದುವೆಯಲ್ಲಿ ಆ ದನಿ ಕೇಳಬೇಕೆಂಬುದು ಅಕ್ಕನ ಒಂದೇ ಆಸೆ.

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು.

"ಸೋಬಾನಿ ಅಂದ್ರ ಮುತ್ತೈದೇರು ಹೇಳೋದವ್ವ," ಎಂದ ದೊಡ್ಡಪ್ಪ, ಮೆತ್ತಗೆ. "ನಾ ಮಾಡಿದ್ದಲ್ಲ ಇದು. ಹಿಂದಿಂದ ಬಂದೈತಿ."

ನಾನು ಎದ್ದು ನಿಂತೆ. ವಾದಕ್ಕೆ ನನಗೆ ಮೈಕು ಬೇಕಿಲ್ಲ. "ದೊಡ್ಡಪ್ಪಾ, ರಿಸೆಪ್ಷನ್ ಯಾವ ಶಾಸ್ತ್ರದಾಗ ಐತಿ ಹೇಳು. ಅರಿಶಿಣ ಹಚ್ಚೋದಲ್ಲ, ತಾಳಿ ಕಟ್ಟೋದಲ್ಲ. ಸೋಫಾದ ಮ್ಯಾಲೆ ಕುಂತು ಫೋಟೋ ಹೊಡಸ್ಕೊಳೋದು. ಶಾಸ್ತ್ರಾನ ಅಲ್ಲ ಅಂದ ಮ್ಯಾಲೆ ಮುತ್ತೈದಿನ ಯಾಕ ಬೇಕು?"

ದೊಡ್ಡಪ್ಪ ಕೆಳಗಿಟ್ಟಿದ್ದ ಲೋಟ ಎತ್ತಿ ಚಹಾ ಮುಗಿಸಿದ. "ನಿನ್ನ ಮಾತು ಖರೇ ಐತಿ. ನೀ ಗೆದ್ದಿ," ಎಂದ. ನಾನು ಉಬ್ಬಿದೆ. "ಡಿಜೆಗೆ ಹೇಳಿಬಿಡ್ರಿ," ಎಂದ.

ಕಪ್ಪು ನನಗೆ, ತೀರ್ಪು ಅವನಿಗೆ. ಒಳಗಿನಿಂದ ಅತ್ತೆ, "ಬ್ಯಾಡ್ರವ್ವಾ, ನಾ ಊಟದ ಕಡಿ ನೋಡ್ಕೊಂತೀನಿ," ಎಂದಳು. ರೊಟ್ಟಿಯ ಸದ್ದು ಮತ್ತೆ ಶುರುವಾಯಿತು. ಅಪ್ಪ ಹೆಗಲ ಮೇಲಿನ ಟವೆಲ್ಲು ಮಡಚುತ್ತ, ಬಿಚ್ಚುತ್ತ ಕೂತಿದ್ದ. ಅಣ್ಣನಿಗೆ ಎದುರಾಡಿದವನಲ್ಲ ಅವನು. ದೊಡ್ಡಪ್ಪನಿಗಿಂತ ನನಗೆ ಅವನ ಮೇಲೇ ಸಿಟ್ಟು ಬಂತು.

ಡಿಜೆ ಎಂದರೆ ನಮ್ಮ ಬಜೆಟ್ಟಿಗೆ ಸೌಂಡ್ ಸರ್ವಿಸಿನ ದಾದಾಪೀರನ ಎರಡು ಬಾಕ್ಸು, ಒಂದು ಲ್ಯಾಪ್‌ಟಾಪು. ಎರಡೇ ಆದರೂ ರಿಸೆಪ್ಷನ್ನಿನ ಸಂಜೆ ಛತ್ರದಲ್ಲಿ ಅವುಗಳ ಆರ್ಭಟಕ್ಕೆ ಜನರ ಬಾಯಿ ಅಲ್ಲಾಡುತ್ತಿದ್ದವು, ಮಾತು ಕೇಳುತ್ತಿರಲಿಲ್ಲ. ಕೊಟ್ಟೂರಿನ ಬೀಗರು ಕೈಸನ್ನೆಯಲ್ಲೇ ಕುಶಲ ಕೇಳುತ್ತಿದ್ದರು. ಆಗ ಇದ್ದಕ್ಕಿದ್ದಂತೆ ಎಲ್ಲ ಸ್ತಬ್ಧ.

"ಕರೆಂಟ್ ಹೋತು!" ಎಂದು ಯಾರೋ ಕೂಗಿದರು. ಆ ದನಿ ಯಾರದೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಫ್ಯಾನು ತಿರುಗುತ್ತಿದ್ದವು. ವೇದಿಕೆಯ ಬಣ್ಣದ ದೀಪಗಳು ಮಿಣಮಿಣ ಎನ್ನುತ್ತಿದ್ದವು. ದಾದಾಪೀರ ಟೆಸ್ಟರ್ ಹಿಡಿದು ಮೇಜಿನ ಕೆಳಗೆ ತೂರಿದ.

ಅಕ್ಕ ಸೀರೆ ಎತ್ತಿ ಹಿಡಿದು ವೇದಿಕೆ ಇಳಿದವಳೇ, ಊಟದ ಮನೆಯ ಬಾಗಿಲಲ್ಲಿದ್ದ ಅತ್ತೆಯ ಕೈ ಹಿಡಿದು ಎಳೆತಂದಳು. "ಕರೆಂಟ್ ಹೋಗೈತಿ ಅತ್ತಿ. ನೀ ಹೇಳು."

"ಹುಚ್ಚೀ, ದೊಡ್ಡಣ್ಣ ಅದಾನ..."

ದೊಡ್ಡಪ್ಪ ತಲೆಯೆತ್ತಿ ತಿರುಗುವ ಫ್ಯಾನು ನೋಡಿದ. ಕೊಟ್ಟೂರಿನವರನ್ನು ನೋಡಿದ. ಕೊನೆಗೆ ತಂಗಿಯನ್ನು ನೋಡಿದ. "ಕರೆಂಟ್ ಇಲ್ಲಲ್ಲ ತಂಗೀ, ಏನ್ ಮಾಡಾಕಾಗತೈತಿ? ಹೇಳು." ಹೇಳುವಾಗ ಅವನ ಶಾಲಿನ ತುದಿ ಗಾಳಿಗೆ ಪಟಪಟ ಹಾರುತ್ತಿತ್ತು.

ಅತ್ತೆಯ ಮೊದಲ ಸೊಲ್ಲು ನಡುಗಿತು. ಎರಡನೆಯದಕ್ಕೆ ಹಳೆಯ ಗತ್ತು ಬಂತು. ಮೂರನೆಯದಕ್ಕೆ ಬೀಗರ ಮೇಲೆಯೇ ಏರಿಹೋದಳು: "ಕೊಟ್ಟೂರ ಬೀಗರು ಬಂದಾರ ಸೋ, ಖಾಲಿ ಹೊಟ್ಟಿ ಹೊತ್ತು ತಂದಾರ ಸೋ!" ಭಾವನ ತಾಯಿ ಸುಮ್ಮನಿರುತ್ತಾರೆಯೇ? ಸೆರಗು ಸಿಕ್ಕಿಸಿಕೊಂಡು ಎದ್ದರು: "ಹರಪನಳ್ಳಿ ಬೀಗರು ಗುಣವಂತರು ಸೋ, ಬೆಲ್ಲಿಲ್ದ ಹುಗ್ಗಿ ಮಾಡೋ ಪುಣ್ಯವಂತರು ಸೋ!" ಛತ್ರ ನಕ್ಕು ನಕ್ಕು ಸುಸ್ತಾಯಿತು. ಅಂಥ ಮಂಡನೆ, ಅಂಥ ಖಂಡನೆ ನಾನು ಯಾವ ಸ್ಪರ್ಧೆಯಲ್ಲೂ ಕೇಳಿರಲಿಲ್ಲ. ದಾದಾಪೀರ ಮೇಜಿನ ಕೆಳಗಿನಿಂದ ಹೊರಬರಲೇ ಇಲ್ಲ. ಅವನ ಟೆಸ್ಟರು ಮಾತ್ರ ತಾಳ ಹಾಕುತ್ತಿದ್ದುದು ಕಾಣುತ್ತಿತ್ತು.

ಎಲ್ಲ ಮುಗಿದ ಮೇಲೆ ಅವನನ್ನು ಹಿಡಿದು ಕೇಳಿದೆ. "ಪಿನ್ ತಾನ ಬಿದ್ದಿತ್ರೀ ಅಕ್ಕಾರ," ಎಂದ. ತಾನಾಗಿ ಬಿದ್ದ ಪಿನ್ನನ್ನು ನಾನೇ ಹೋಗಿ ನೋಡಿದೆ. ಸ್ವಿಚ್ ಬೋರ್ಡಿನ ಪಕ್ಕದ ಕುರ್ಚಿಯ ಮೇಲಿತ್ತು. ಅದರ ವೈರು ಉಂಗುರ ಉಂಗುರವಾಗಿ ಸುತ್ತಿತ್ತು, ತುದಿಯನ್ನು ಒಳಗೆ ಸಿಕ್ಕಿಸಲಾಗಿತ್ತು.

ಆಮೇಲೆ ನಮ್ಮ ಬಳಗದ ಯಾವ ರಿಸೆಪ್ಷನ್ನಿನಲ್ಲೂ ಕರೆಂಟು ಹೋಗದೆ ಉಳಿದಿಲ್ಲ. ನನ್ನ ವಾದಕ್ಕೆ ಸೋಲದ ದೊಡ್ಡಪ್ಪ ಒಂದು ಸುಳ್ಳಿಗೆ ಇಷ್ಟು ಸಲೀಸಾಗಿ ಸೋತನಲ್ಲ ಎಂದು ಮೊದಮೊದಲು ಹೊಟ್ಟೆ ಉರಿಯುತ್ತಿತ್ತು. ಈಗ ಅವನ ಮಗನದೇ ಮದುವೆ. ಮತ್ತದೇ ಸಣ್ಣ ಬಜೆಟ್ಟು. ನಿನ್ನೆ ಅವನೇ ಫೋನು ಮಾಡಿದ್ದ: "ದಾದಾಪೀರಗ ಹೇಳವ್ವ, ಊಟಕ್ಕಿಂತ ಮೊದ್ಲು ಅರ್ಧ ತಾಸು ಕರೆಂಟ್ ಹೋಗತೈತಿ ಅಂತ. ಆ ಅರ್ಧ ತಾಸಿಗೆ ಬಾಡಗಿ ಕೇಳಬಾರದು!" ಅಡುಗೆಮನೆಯಲ್ಲಿ ಅತ್ತೆ ಹೊಸ ಬೀಗರ ಮೇಲೆ ಪದ ಕಟ್ಟುತ್ತಿದ್ದಾಳೆ, ಪಡಸಾಲೆಗೆ ಕೇಳುವಷ್ಟು ಗಟ್ಟಿಯಾಗಿ.

ಅಪ್ಪ ಹೊಸ ಪಿನ್ನು ಕೂಡಿಸಿ ಮುಗಿಸಿದ. ಮಿಕ್ಸಿಯ ವೈರನ್ನು ಉಂಗುರ ಉಂಗುರವಾಗಿ ಸುತ್ತಿದ. ತುದಿಯನ್ನು ಒಳಗೆ ಸಿಕ್ಕಿಸಿದ. ನಾನು ನೋಡುತ್ತ ಕೂತಿದ್ದೆ.

"ಅಪ್ಪಾ," ಎಂದೆ, "ಅಕ್ಕನ ರಿಸೆಪ್ಷನ್‌ನಾಗ ಕರೆಂಟ್ ಹೋದಾಗ ನೀ ಎಲ್ಲಿ ನಿಂತಿದ್ದಿ?"